ಧೂಳಿನ ಕೆಂಪು, ದೂರದ ಕೆಂಪು

ಸಾಂತಿಯಾಗೊ

ಕಳೆದ ವರ್ಷ ಮೇ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಚಿಲಿ ದೇಶದ ಸಾಂತಿಯಾಗೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ನನ್ನ ಚೀಲದಿಂದ ಒಂದು ಡಬ್ಬಿ ಶೇಂಗಾ ಹಿಂಡಿಯನ್ನು, ಅಂದರೆ ಖಾರದ ಚಟ್ನಿಪುಡಿಯನ್ನು, ವಶಕ್ಕೆ ತೆಗೆದುಕೊಂಡರು.

ಮೊದಲು ಬಂದದ್ದು ಒಂದು ಕಂದು ನಾಯಿ. ಅದು ಬೊಗಳಲಿಲ್ಲ. ಚೀಲವನ್ನು ಮೂಸಿ ಪಕ್ಕದಲ್ಲಿ ಸಭ್ಯವಾಗಿ ಕುಳಿತುಕೊಂಡಿತು. ಅಲ್ಲಿ ನಾಯಿ ಕುಳಿತರೆ ಅದೇ ದೂರು ಎಂಬುದು ನನಗೆ ಆಮೇಲೆ ತಿಳಿಯಿತು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹಿಮದ ಬೆಟ್ಟ, ತಲೆಯ ಕಡೆ ಮರಳುಗಾಡು ಇರುವ ಆ ಉದ್ದನೆಯ ದೇಶ ಹೊರಗಿನ ಕಾಳು, ಬೀಜ, ಹಣ್ಣು ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಧಿಕಾರಿ ಹೆಂಗಸು ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಸೀನಿದರು. ಮತ್ತೆ ಮೂಸಿ, ಮತ್ತೆ ಸೀನಿ, ಅದನ್ನು ಹಳದಿ ಬುಟ್ಟಿಗೆ ಹಾಕಿದರು. ಖಡಕ್ ರೊಟ್ಟಿಯ ಕಟ್ಟು ಅವರನ್ನು ಹೆಚ್ಚು ಹೊತ್ತು ನಿಲ್ಲಿಸಿತು. ಒಂದು ರೊಟ್ಟಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಅದು ಟಣ್ ಅಂದಿತು. ಇದು ಆಹಾರವೋ ಹಂಚೋ ಎಂಬಂತೆ ನನ್ನ ಮುಖ ನೋಡಿದರು. ನಾನು ಒಂದು ತುಂಡು ಮುರಿದು ತಿಂದು ತೋರಿಸಿದೆ. ರೊಟ್ಟಿಗೆ ಪ್ರವೇಶ ಸಿಕ್ಕಿತು.

ಹೊರಗೆ ನೀಲಾ ನಿಂತಿದ್ದಳು. ನೀಲಾಂಬಿಕಾ ನನ್ನ ಅಕ್ಕನ ಮಗಳು, ಶಹಾಬಾದ್ ಬಳಿಯ ಭಂಕೂರಿನವಳು. ಸಾಂತಿಯಾಗೊದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ವಿಶ್ವ ಎಳೆಯದಾಗಿದ್ದಾಗ ಮೂಡಿದ ಗ್ಯಾಲಕ್ಸಿಗಳು, ಅಂದರೆ ಕೋಟಿ ಕೋಟಿ ನಕ್ಷತ್ರಗಳ ಗುಂಪುಗಳು, ಯಾವಾಗ ಹುಟ್ಟಿದವು, ಹೇಗೆ ಕೂಡಿಕೊಂಡವು ಎನ್ನುವುದು ಅವಳ ವಿಷಯ.

"ರೊಟ್ಟಿ ಉಳದಾವೇನು ಮಾಮಾ?" ಎಂದು ಕೇಳಿದಳು. ಆಮೇಲೆ ಕಾಲು ಮುಟ್ಟಿ ನಮಸ್ಕರಿಸಿದಳು.

"ರೊಟ್ಟಿ ಉಳದಾವ. ಹಿಂಡಿ ಇಲ್ಲಿ ಸರ್ಕಾರದ ಪಾಲಾತು."

"ಅವ್ವಗ ಹೇಳಬ್ಯಾಡ. ವಿಮಾನ ವಾಪಸ್ ತರ್ರಿ ಅಂತಾಳ."

ನಾನು ವಾಡಿಯವನು. ಕಲಬುರಗಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ನನ್ನನ್ನು ಇಷ್ಟು ದೂರ ಕಳಿಸಿದವರು ನೀಲಾಳ ತಂದೆ, ನಮ್ಮ ಭಾವ ಬಸಣ್ಣ. ಭಂಕೂರಿನಲ್ಲಿ ಅವರದು ಶಹಾಬಾದ್ ಕಲ್ಲು ಪಾಲಿಶ್ ಮಾಡುವ ಮಿಷನ್ ಇದೆ. ಮಗಳು ಒಂದು ಗ್ಯಾಲಕ್ಸಿಯ ಬೆನ್ನು ಹತ್ತಿದ್ದಾಳೆ, ಅದು ಈವರೆಗೆ ಕಂಡವುಗಳಲ್ಲಿ ತೀರ ಮೊದಲಿನ ಕಾಲದ್ದಿರಬಹುದು ಎಂದು ಅವರಿಗೆ ಗೊತ್ತಾಗಿತ್ತು. ಅದನ್ನು ಖಚಿತಪಡಿಸುವ ವೀಕ್ಷಣೆ ಮೇ ತಿಂಗಳಲ್ಲಿ ಉತ್ತರದ ಮರಳುಗಾಡಿನ ಬೆಟ್ಟದ ಮೇಲೆ ಆಗಬೇಕಿತ್ತು. "ಮಂದಿ ಹೇಳಿದ್ದು ನನಗ ಬ್ಯಾಡ," ಎಂದಿದ್ದರು ಭಾವ. "ಕಲ್ಲು ತಗೊಳ್ಳಾವ ಫೋಟೊ ನೋಡಿ ತಗೊಳ್ಳಂಗಿಲ್ಲ, ಖಣಿಗೇ ಬರ್ತಾನ. ನೀ ಪೇಪರ್‌ನವ. ಹೋಗಿ ಕಣ್ಣಿಲೆ ನೋಡಿ ಬಾ."

ನೋಡಲು ಏನಿದೆ ಎಂಬುದನ್ನು ನೀಲಾ ಅವತ್ತೇ ಸಂಜೆ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಬಾಹ್ಯಾಕಾಶದಲ್ಲಿರುವ ದೂರದರ್ಶಕ ತೆಗೆದ ಚಿತ್ರ. ಕಪ್ಪು ಹಿನ್ನೆಲೆಯಲ್ಲಿ ನೂರಾರು ಬೆಳಕಿನ ಚೂರುಗಳು. ಅವಳು ಒಂದು ಮೂಲೆಯನ್ನು ದೊಡ್ಡದು ಮಾಡುತ್ತ ಹೋದಳು. ಕೊನೆಗೆ ತೊಗರಿ ಬೇಳೆಯ ನುಚ್ಚಿನಷ್ಟು ಕೆಂಪು ಉಳಿಯಿತು. ಅಂಚು ಕೂಡ ಸರಿಯಾಗಿ ಇಲ್ಲದ ಕೆಂಪು.

"ಇದೇನು?"

"ಇದೇ."

ಅಲ್ಲಿಯವರು ರಾತ್ರಿ ಊಟದ ಬದಲು ಸಂಜೆಗೆ ಚಹಾ, ಬ್ರೆಡ್ಡು, ಬೆಣ್ಣೆಹಣ್ಣು ತಿಂದು ದಿನ ಮುಗಿಸುತ್ತಾರೆ. ಅದಕ್ಕೆ ‘ಓನ್ಸೆ’ ಎಂದು ಹೆಸರು. ನಮ್ಮಲ್ಲಿ ಸಂಜೆಯ ಮಂಡಕ್ಕಿ ಸುಸಲಾ, ಮಿರ್ಚಿ ಊಟದ ದಾರಿಯಲ್ಲಿ ಒಂದು ತಂಗುದಾಣ. ಅವರಲ್ಲಿ ಅದೇ ಊರು. ಊಟಕ್ಕೆ ಕರೆಯುತ್ತಾರೆಂದು ನಾನು ಬಹಳ ಹೊತ್ತು ಕುಳಿತಿದ್ದೆ. ನೀಲಾ ತಟ್ಟೆಗಳನ್ನು ತೊಳೆದಿಟ್ಟಾಗ ವಿಷಯ ತಿಳಿಯಿತು. ಎದ್ದುಹೋಗಿ ರೊಟ್ಟಿಯ ಕಟ್ಟು ಬಿಚ್ಚಿದೆ.

ಕಲಾಮಾದಿಂದ ಸಾನ್ ಪೆದ್ರೊ

ಉತ್ತರಕ್ಕೆ ಹಾರಿ ಕಲಾಮಾ ಎಂಬ ಗಣಿಯ ಊರಿನಲ್ಲಿ ಇಳಿದೆವು. ಅಲ್ಲಿಂದ ಮುಂದೆ ಕಾರು. ಚಾಲಕನ ಹೆಸರು ಎರ್ನಾನ್. ಐವತ್ತು ದಾಟಿದ, ಬೆಟ್ಟದ ಮೇಲಿನ ದೂರದರ್ಶಕಕ್ಕೆ ಜನರನ್ನು ಕರೆದೊಯ್ಯುವ ಮನುಷ್ಯ. ಸಿಕ್ಕ ಕೂಡಲೇ ನೀಲಾಳ ಕೆನ್ನೆಗೆ ಕೆನ್ನೆ ತಾಗಿಸಿದ. ಅದು ಅಲ್ಲಿಯ ನಮಸ್ಕಾರ. ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಎರಡೂ ಕೈ ಜೋಡಿಸಿ ನಡುವೆ ಜಾಗ ಮಾಡಿಕೊಂಡಿದ್ದೆ. ಅವನೂ ಗಂಭೀರವಾಗಿ ಕೈ ಜೋಡಿಸಿದ. ಇವಳು ನಿನಗೇನಾಗಬೇಕು ಎಂದು ಕೇಳಿದ. ನೀಲಾ ಹೇಳಿಕೊಟ್ಟ ಪದ ‘ಸೊಬ್ರೀನಾ’, ಅಂದರೆ ಒಡಹುಟ್ಟಿದವರ ಮಗಳು. ನಾನು ಕಲಿತ ಮೊದಲ ಸ್ಪ್ಯಾನಿಷ್ ಪದ ಅದು. ಅವನು ಅದನ್ನೇ ನನಗೆ ಇಡೀ ದಾರಿ ಹೇಳಿಸಿ, ತಿದ್ದಿ, ನಕ್ಕ.

ಆ ನೆಲದಲ್ಲಿ ಏನೂ ಬೆಳೆಯುವುದಿಲ್ಲ. ಸೇಡಂ ಕಡೆ ಏಪ್ರಿಲ್‌ನ ಹೊಲ ಎಷ್ಟೇ ಒಣಗಿದರೂ ಕಡ್ಡಿ ಇರುತ್ತದೆ, ಬದುವಿನ ಮೇಲೆ ಒಂದು ಜಾಲಿ ಇರುತ್ತದೆ, ಜಾಲಿಯ ಕೆಳಗೆ ಒಂದು ಎಮ್ಮೆ ಇರುತ್ತದೆ. ಇಲ್ಲಿ ಕಂದು, ಅದರಾಚೆ ತಿಳಿಗಂದು, ಅದರಾಚೆ ಕೆನ್ನೀಲಿ. ಕಣ್ಣು ಹೋದಷ್ಟೂ ಹೋಗುತ್ತದೆ, ಏನೂ ತಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಕಾರು ನಿಂತೇ ಇದೆ, ಬೆಟ್ಟಗಳೇ ನಮ್ಮ ಕಡೆ ತೇಲಿ ಬರುತ್ತಿವೆ ಎನ್ನಿಸತೊಡಗಿತು.

ದಾರಿಯ ಪಕ್ಕ ಅಲ್ಲಲ್ಲಿ ಮೊಣಕಾಲೆತ್ತರದ ಮನೆಗಳಿದ್ದವು. ಬಣ್ಣ ಬಳಿದ ಗೋಡೆ, ಪುಟ್ಟ ಮಾಡು, ಸುತ್ತ ನೀರು ತುಂಬಿದ ಬಾಟಲಿಗಳ ಸಾಲು. ರಸ್ತೆಯಲ್ಲಿ ಸತ್ತವರ ನೆನಪಿಗೆ ಕಟ್ಟುವ ಗುಡಿಗಳಂತೆ ಅವು. ಒಂದರ ಮುಂದೆ ಎರ್ನಾನ್ ಕಾರು ನಿಲ್ಲಿಸಿದ. ಸೀಟಿನ ಕೆಳಗಿಂದ ಹೊಸ ಬಾಟಲಿ ತೆಗೆದು ಸಾಲಿನ ತುದಿಗಿಟ್ಟು, ಹಳೆಯದೊಂದನ್ನು ನೇರ ಮಾಡಿ ಬಂದ. ಅವನ ಅಣ್ಣ ಲಾರಿ ಓಡಿಸುತ್ತಿದ್ದನಂತೆ. ಮರಳುಗಾಡಿನಲ್ಲಿ ಸತ್ತವರಿಗೆ ಬಾಯಾರಿಕೆ ಇರುತ್ತದೆ ಎಂದು ಅಲ್ಲಿಯ ಜನ ನಂಬುತ್ತಾರೆ. ಬೇಸಿಗೆಯಲ್ಲಿ ನಾಲವಾರದ ಮಠಕ್ಕೆ ನಡೆದು ಹೋಗುವವರಿಗೆ ಮಣ್ಣಿನ ಗಡಿಗೆಯಲ್ಲಿ ನೀರಿಡುವುದನ್ನು ಕಂಡಿದ್ದೇನೆ. ಇದೂ ಅಂಥದೇ ಗಡಿಗೆ. ಕುಡಿಯುವವರು ಮಾತ್ರ ಕಾಣುವುದಿಲ್ಲ.

ಕಾರು ಮತ್ತೆ ಹೊರಟ ಮೇಲೆ ನೀಲಾ ಕೇಳಿದಳು: "ಮಾಮಾ, ವಾಡ್ಯಾಗ ಸಂಜಿಗಿ ಸೂರ್ಯ ಹೆಂಗ ಕಾಣ್ತಾನ?"

"ಕೆಂಪಗ. ದಿಟ್ಟಿಸಿ ನೋಡಿದ್ರೂ ಕಣ್ಣಿಗಿ ಏನೂ ಆಗಂಗಿಲ್ಲ."

"ಯಾಕ?"

"ಧೂಳ. ಸುಣ್ಣಗಲ್ಲಿನ ಧೂಳ."

"ಚಿಂಚೋಳಿ ಅಡವ್ಯಾಗ?"

"ಅಲ್ಲಿ ಇಷ್ಟು ಕೆಂಪ ಇರಂಗಿಲ್ಲ. ಅಲ್ಲಿ ಧೂಳ ಎಲ್ಲಿ ಅದ?"

"ನನ್ನ ತ್ರಾಸೂ ಅದೇ ಮಾಮಾ."

ದೂರದ ಬೆಳಕು ಬರುತ್ತ ಬರುತ್ತ ಹಿಗ್ಗುತ್ತದೆ, ಹಿಗ್ಗಿದಷ್ಟೂ ಕೆಂಪಾಗುತ್ತದೆ. ಆ ಕೆಂಪನ್ನು ನೋಡಿ ಗ್ಯಾಲಕ್ಸಿ ಎಷ್ಟು ದೂರ, ಅಂದರೆ ಎಷ್ಟು ಹಿಂದಿನದು ಎಂದು ಅಂದಾಜು ಮಾಡುತ್ತಾರೆ. ಆದರೆ ಹತ್ತಿರದ ಗ್ಯಾಲಕ್ಸಿಯೊಂದರಲ್ಲಿ ಧೂಳು ದಟ್ಟವಾಗಿದ್ದರೆ ಅದೂ ಹೀಗೆಯೇ ಕೆಂಪಗೆ ಕಾಣುತ್ತದೆ. ಚಿತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

"ದೂರಕ್ಕ ಕೆಂಪಾಗ್ಯಾದೋ, ಧೂಳಿಗಿ ಕೆಂಪಾಗ್ಯಾದೋ," ಎಂದಳು ನೀಲಾ. "ಎರಡು ವರ್ಷ ಅದರ ವಯಸ್ಸಿನ ಮ್ಯಾಲ ಬರದೀನಿ. ಎಲ್ಲಾ ಅದು ದೂರದ್ದು ಅಂತ ತಿಳದು ಬರದದ್ದು. ಧೂಳ ಇತ್ತಂದ್ರ ಎಲ್ಲಾ ಒರಸಿ ಹಾಕಬೇಕು."

"ಹೆಂಗ ಗೊತ್ತಾಗ್ತದ?"

"ಅದರೊಳಗಿನ ಆಕ್ಸಿಜನ್ ಒಂದು ದನಿ ಮಾಡ್ತದ ಅಂತ ತಿಳಿ. ಆ ದನಿ ಯಾವ ಜಾಗಾದಾಗ ಸಿಗ್ತದ ಅಂತ ಹುಡಕಬೇಕು. ಅವ್ವ ರೇಡಿಯೋದಾಗ ಮುಳ್ಳು ತಿರುವಿ ಸ್ಟೇಷನ್ ಹುಡಕ್ತಿದ್ಲಲ್ಲ, ಹಂಗ. ಮುಳ್ಳು ಎಲ್ಲಿ ನಿಂತ್ತೋ ಅದರ ಮ್ಯಾಲ ದೂರ ಎಷ್ಟಂತ ಲೆಕ್ಕ ಹಾಕ್ತೀವಿ."

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ವಿಶ್ವ ಹುಟ್ಟಿದಾಗ ಆಕ್ಸಿಜನ್ ಇರಲಿಲ್ಲ. ಅದು ನಕ್ಷತ್ರದ ಹೊಟ್ಟೆಯಲ್ಲಿ ತಯಾರಾಗಿ, ನಕ್ಷತ್ರ ಸತ್ತ ಮೇಲೆ ಹೊರಗೆ ಬರುತ್ತದೆ. ಹಾಗಾಗಿ ಆ ಗ್ಯಾಲಕ್ಸಿಯಲ್ಲಿ ಆಕ್ಸಿಜನ್ ಸಿಕ್ಕರೆ, ಈಗ ಕಾಣುವ ನಕ್ಷತ್ರಗಳಿಗಿಂತ ಮೊದಲು ಅಲ್ಲಿ ಬೇರೆ ನಕ್ಷತ್ರಗಳು ಬಾಳಿ ಹೋಗಿವೆ ಎಂದು ಅರ್ಥ.

"ಪಡಸಾಲ್ಯಾಗ ಅಜ್ಜನ ಫೋಟೊಕ್ಕ ಹಾರ ಹಾಕಿದ್ದು ಕಂಡಂಗ," ಎಂದೆ ನಾನು. "ಮನ್ಯಾಗ ಬರೇ ಹುಡುಗ್ರು ಕಂಡ್ರೂ ಇದು ಹಳೇ ಮನಿ ಅಂತ ತಿಳಿತದ."

"ಇದನ್ನ ನಾ ನನ್ನ ಭಾಷಣದಾಗ ಹೇಳ್ತೀನಿ," ಎಂದಳು. "ನಿನ್ನ ಹೆಸರು ಹೇಳಂಗಿಲ್ಲ."

ಸಾನ್ ಪೆದ್ರೊ

ಸಾನ್ ಪೆದ್ರೊ ಮಣ್ಣಿನ ಗೋಡೆಗಳ ಊರು. ಅಂಗಳಗಳಲ್ಲಿ ಬೀದಿ ನಾಯಿಗಳು ಪ್ರವಾಸಿಗರಷ್ಟೇ ನಿಶ್ಚಿಂತೆಯಿಂದ ಮಲಗಿರುತ್ತವೆ. ಎತ್ತರದ ಊರಾದ್ದರಿಂದ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಅದು ಹುಲ್ಲು ನೆನೆಸಿದ ನೀರಿನ ರುಚಿ.

ನಾವು ಅಲ್ಲಿ ಕಾದೆವು. ಬೆಟ್ಟದ ಮೇಲೆ ಗಾಳಿ ಜೋರಾಗಿತ್ತು. ಯಾವ ದಿನ ಯಾರ ಕೆಲಸ ನಡೆಯಬೇಕು ಎಂಬುದನ್ನು ಅಲ್ಲಿ ಹವೆ ನಿರ್ಧರಿಸುತ್ತದೆ. ಗಾಳಿಯಲ್ಲಿ ತೇವ ಎಷ್ಟಿದೆ, ಬಿರುಸು ಎಷ್ಟಿದೆ ನೋಡಿ, ಅದಕ್ಕೆ ಹೊಂದುವ ವೀಕ್ಷಣೆಯನ್ನು ಸರದಿಯಿಂದ ಆರಿಸುತ್ತಾರೆ. ಆ ವಾರ ಮುಗಿದ ಮೇಲೆ ಆಂಟೆನಾಗಳನ್ನು ಎತ್ತಿ ಬೇರೆ ಜೋಡಣೆಯಲ್ಲಿ ಇಡುವುದಿತ್ತು. ಅಷ್ಟರೊಳಗೆ ನೀಲಾಳ ವೀಕ್ಷಣೆ ಆಗದಿದ್ದರೆ ಅವಳ ಸರದಿ ಬಿದ್ದುಹೋಗುತ್ತಿತ್ತು. ಮತ್ತೆ ಕೇಳಬೇಕು, ಕೊಡಬಹುದು ಅಥವಾ ಕೊಡದಿರಬಹುದು. ಅವಳು ಬೆಳಿಗ್ಗೆ ಎದ್ದು ಮೊದಲು ಅಂಗಳದ ಮರದ ಎಲೆಗಳನ್ನು ನೋಡುತ್ತಿದ್ದಳು.

ಅದೇ ಕಾಯುವಿಕೆಯ ನಡುವೆ, ಒಂದು ಬೆಳಿಗ್ಗೆ ನಾವು ಬ್ರೆಡ್ಡು ತಿನ್ನುತ್ತಿದ್ದಾಗ, ಅವಳ ಮೊಬೈಲಿಗೆ ಊರಿನ ಗೆಳತಿಯಿಂದ ಒಂದು ಫೋಟೊ ಬಂತು. ಅವಳು ನೋಡಿದಳು. ಮೊಬೈಲನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದಳು.

ಭಂಕೂರಿನ ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸ್. "ಜಗತ್ತಿನ ಮೊದಲ ಗ್ಯಾಲಕ್ಸಿ ಕಂಡುಹಿಡಿದ ಭಂಕೂರಿನ ಹೆಮ್ಮೆಯ ಮಗಳು ಕು. ನೀಲಾಂಬಿಕಾ ಅವರಿಗೆ ಹಾರ್ದಿಕ ಅಭಿನಂದನೆಗಳು." ನಡುವೆ ನೀಲಾಳ ಪದವಿ ಸಮಾರಂಭದ ಚಿತ್ರ. ಅವಳ ತಲೆಯ ಹಿಂದೆ ನೀಲಿ, ನೇರಳೆ ಬಣ್ಣದಲ್ಲಿ ಸುರುಳಿ ಸುತ್ತಿದ ಭವ್ಯವಾದ ಒಂದು ಗ್ಯಾಲಕ್ಸಿ. ಅದು ನೀಲಾಳದ್ದಲ್ಲ. ಕೆಳಗೆ ‘ಶುಭ ಕೋರುವವರು’ ಎಂದು ಎಂಟು ಮುಖಗಳು. ಒಂದು ನನ್ನದು. ಸೇಡಂನಲ್ಲಿ ಯಾವುದೋ ಮದುವೆಗೆ ಹೋದಾಗ ತೆಗೆದದ್ದು, ಕಪ್ಪು ಕನ್ನಡಕ ಹಾಕಿಕೊಂಡಿದ್ದೇನೆ.

"ಇದನ್ನ ನನ್ನ ಜೋಡಿ ಕೆಲಸ ಮಾಡೋ ಮಂದಿ ನೋಡಿದ್ರ ಮಾಮಾ?" ಅವಳ ದನಿ ಸಣ್ಣದಾಗಿತ್ತು. "ಇನ್ನಾ ನೋಡೇ ಇಲ್ಲ. ನೋಡದೆ ‘ಮೊದಲ’ ಅಂತ ನಾ ಎಲ್ಲೂ ಬರದಿಲ್ಲ. ಅಪ್ಪಗ ಹೇಳು, ಇಳಸ್ಲಿ."

ನಾನು ಭಾವನಿಗೆ ಫೋನು ಮಾಡಿದೆ. ಅಲ್ಲಿ ಸಂಜೆ. ಹಿಂದೆ ಪಾಲಿಶ್ ಮಿಷನ್ನಿನ ಸದ್ದು, ಕಲ್ಲಿನ ಮೇಲೆ ನೀರು ಬೀಳುವ ಸದ್ದು.

"ನೋಡಿದ್ಯೇನು?" ಎಂದರು ಸಂತೋಷದಿಂದ. "ಚಿತ್ತಾಪುರದಾಗ ಪ್ರಿಂಟ್ ಹಾಕಿಸೀನಿ. ಅಲ್ಲಿ ಬಣ್ಣ ಛಲೋ ಬರ್ತದ."

"ಭಾವ, ಅದನ್ನ ಇಳಸ್ರಿ. ಅಕಿ ಇನ್ನಾ ಕಂಡುಹಿಡದಿಲ್ಲ."

"ಫೋಟೊ ಅದಲ್ಲೋ?"

"ಫೋಟೊ ಅದ. ಅದು ಏನು ಅನ್ನೂದು ಗೊತ್ತಾಗಿಲ್ಲ. ಆ ಸುರುಳಿ ಸುತ್ತಿದ್ದು ಯಾರದು?"

"ಅಕಿದು ಕಳಿಸಿದ್ನಿ. ಪ್ರಿಂಟಿನವ, ಯಜಮಾನ್ರ ಇದು ಇಂಕ್ ಬಿದ್ದಂಗ ಕಾಣ್ತದ ಅಂದ. ಅವನೇ ಛಂದಂದು ಒಂದು ಹಾಕ್ಯಾನ."

"ಇಳಸ್ರಿ ಭಾವ."

"ಏ ಮಲ್ಲು, ಇಳಸು ಅಂದ್ರ ಹೆಂಗ? ಕೆಳಗ ಎಂಟು ಮಂದಿ ಮಾರಿ ಅದಾವ. ನಾಳಿಗಿ ಅವರೆಲ್ಲಾ ಮಿಷನ್ ಮುಂದ ಬಂದು ನಿಂತು, ನಮ್ಮ ಮಾರಿ ಯಾಕ ತೆಗದಿ ಬಸಣ್ಣ, ಏನು ತಪ್ಪು ಮಾಡೀವಿ ಅಂದ್ರ ನಾ ಏನು ಹೇಳ್ಲಿ? ನಿಮ್ಮ ಪೇಪರ್‌ನ್ಯಾಗ ತಪ್ಪಾದ್ರ ಪೇಪರ್ ವಾಪಸ್ ತಗೋತೀರೇನು? ಮರುದಿನ ಮೂಲ್ಯಾಗ ಸಣ್ಣ ಅಕ್ಷರದಾಗ ತಿದ್ದತೀರಿ."

ಅವರು ಹೇಳಿದ್ದು ನಿಜವೇ ಆಗಿತ್ತು. ನಮ್ಮ ಕಡೆ ಫ್ಲೆಕ್ಸ್ ಹಾಕುವುದು ಸುಲಭ. ಕೆಳಗಿನ ಮುಖಗಳಿಗೆ ಬೇಜಾರಾಗದಂತೆ ಇಳಿಸುವ ಪದ್ಧತಿಯೇ ಇಲ್ಲ. ಬಿಸಿಲು, ಮಳೆ, ಗಾಳಿ ಆ ಕೆಲಸ ಮಾಡಬೇಕು.

ನೀಲಾ ಫೋನು ಕಿತ್ತುಕೊಂಡಳು. "ಅಪ್ಪಾ, ಒಂದೇ ಶಬ್ದ ಮುಚ್ಚು. ‘ಮೊದಲ’ ಅನ್ನೂದು ಅಷ್ಟೇ ಮುಚ್ಚು."

ಮಿಷನ್ ಸದ್ದು ನಿಂತಿತು. ಯಾರೋ ಆರಿಸಿದ್ದರು.

"ಅದು ಮುಚ್ಚಿದ್ರ ಏನು ಉಳಿತದವ್ವಾ?"

"ಗ್ಯಾಲಕ್ಸಿ ಉಳಿತದ."

ಮರುದಿನ ಇನ್ನೊಂದು ಫೋಟೊ ಬಂತು. ‘ಮೊದಲ’ ಇದ್ದಲ್ಲಿ ಬಿಳಿ ಬಣ್ಣ ಬಳಿದಿದ್ದರು. ಪಕ್ಕದಲ್ಲಿ ಭಾವ ಏಣಿ ಹಿಡಿದು, ಕ್ಯಾಮೆರಾ ನೋಡದೆ ನಿಂತಿದ್ದರು. ಜಗತ್ತಿನ, ಆಮೇಲೆ ಒಂದು ಬಿಳಿ ಚೌಕ, ಆಮೇಲೆ ಗ್ಯಾಲಕ್ಸಿ.

ಮೇಲೆ

ಶುಕ್ರವಾರ ಮರದ ಎಲೆಗಳು ಅಲುಗಲಿಲ್ಲ.

ದೂರದರ್ಶಕ ಎಂದಾಗ ನಾನು ಕಣ್ಣಿಡುವ ಕೊಳವೆ, ಇರುಳು, ನಕ್ಷತ್ರ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಅಲ್ಲಿ ಇರುವುದು ರೇಡಿಯೋ ಅಲೆಗಳನ್ನು ಹಿಡಿಯುವ ದೊಡ್ಡ ಬಿಳಿ ತಟ್ಟೆಗಳು. ಅವಕ್ಕೆ ಹಗಲು, ಇರುಳು ಎಂಬ ಭೇದ ಅಷ್ಟಾಗಿ ಇಲ್ಲ. ವಿಜ್ಞಾನಿಗಳು ಅವುಗಳ ಹತ್ತಿರ ಹೋಗುವುದೂ ಇಲ್ಲ. ಬೆಟ್ಟದ ಅರ್ಧದಲ್ಲಿರುವ ಶಿಬಿರದ ಕೋಣೆಯೊಂದರಲ್ಲಿ ಪರದೆಗಳ ಮುಂದೆ ಕೂರುತ್ತಾರೆ. ನೀಲಾ ಅಲ್ಲಿ ಉಳಿದಳು. ಅವಳ ಕೈಯಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ. ಆಂಟೆನಾ ತಿರುಗಿಸುವವರು ಬೇರೆ. ಅವಳು ಹಿಂದಿನ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದಳು, ಹೆರಿಗೆ ಕೋಣೆಯ ಹೊರಗೆ ಕುಳಿತವರ ಹಾಗೆ.

ನನಗೆ ಮೇಲೆ ಹೋಗಲು ಅನುಮತಿ ಸಿಕ್ಕಿತ್ತು. ವೈದ್ಯರು ಬೆರಳಿಗೆ ಕ್ಲಿಪ್ ಹಾಕಿ, ರಕ್ತದೊತ್ತಡ ನೋಡಿ, ಹಣೆಯ ವಿಭೂತಿ ಯಾವ ಔಷಧಿ ಎಂದು ಕೇಳಿದರು. ಆಮೇಲೆ ಮೂಗಿಗೆ ನಳಿಕೆ, ಹೆಗಲಿಗೆ ಆಕ್ಸಿಜನ್ ಬುಡ್ಡಿ. ಎರ್ನಾನ್‌ಗೂ ಒಂದು.

ಐದು ಸಾವಿರ ಮೀಟರಿನ ಆ ಬಯಲನ್ನು ವರ್ಣಿಸುವುದು ಕಷ್ಟ, ಏಕೆಂದರೆ ಅಲ್ಲಿ ಮನಸ್ಸು ತನ್ನ ಕೆಲಸವನ್ನು ಅರ್ಧ ಬಿಟ್ಟಿರುತ್ತದೆ. ಆಕಾಶ ನೀಲಿಗಿಂತ ಹೆಚ್ಚು ಕಪ್ಪಿನ ಕಡೆ ವಾಲಿತ್ತು. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಬಹಳ ಸಮಯ ಇರುವಂತೆ ತೋರಿತು. ಬಯಲಿನ ತುಂಬ ಬಿಳಿ ಆಂಟೆನಾಗಳು. ಒಂದೊಂದೂ ಮೂರು ಮಹಡಿ ಮನೆಯಷ್ಟು ಎತ್ತರ, ಎಲ್ಲವೂ ಮುಖ ಎತ್ತಿ ಆಕಾಶದ ಒಂದೇ ಜಾಗವನ್ನು ನೋಡುತ್ತಿದ್ದವು. ನಮಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಬರೀ ಹಗಲಿತ್ತು.

ನಾನು ಕೆಳಗೆ ನೋಡಿದೆ. ಕಾಲಬುಡದಲ್ಲಿ ಚಪ್ಪಟೆ ಕಲ್ಲುಗಳು. ಅವು ಶಹಾಬಾದ್ ಕಲ್ಲೇ ಎಂದು ಆ ಹೊತ್ತಿಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ನಮ್ಮ ವಾಡಿಯ ಮನೆಯ ನೆಲಹಾಸು, ಅದರ ತಂಪು, ಮಧ್ಯಾಹ್ನ ಅದರ ಮೇಲೆ ಕೆನ್ನೆ ಇಟ್ಟು ಮಲಗಿದಾಗ ದೂರದ ಗೂಡ್ಸ್ ಗಾಡಿ ನೆಲದೊಳಗಿಂದ ಕಿವಿಗೆ ಬರುತ್ತಿದ್ದದ್ದು ನೆನಪಾಯಿತು. ಆ ಕಲ್ಲು ಯಾವುದೋ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಈಗ ಈ ತಟ್ಟೆಗಳೊಳಗೆ ಬೀಳುತ್ತಿದ್ದ ಅಲೆ ಆ ಸಮುದ್ರಕ್ಕಿಂತ ಮೊದಲು ಹೊರಟದ್ದು. ಸಮುದ್ರ ನಿಲ್ಲಲು ಜಾಗ ಕೊಟ್ಟ ಭೂಮಿಗಿಂತ ಮೊದಲು, ಭೂಮಿ ಸುತ್ತುವ ಸೂರ್ಯನಿಗಿಂತ ಮೊದಲು. ನಾನು ಚಿಕ್ಕವನಿದ್ದಾಗ ನಾಲವಾರಕ್ಕೆ ಪತ್ರಿಕೆ ರೈಲಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತು. ಅಲ್ಲಿಯ ಜನ ನಿನ್ನೆಯನ್ನು ಇವತ್ತು ಎಂದುಕೊಂಡು, ಕಟ್ಟೆಯ ಮೇಲೆ ಕುಳಿತು, ಆಸಕ್ತಿಯಿಂದ ಓದುತ್ತಿದ್ದರು. ಸುದ್ದಿ ಕೆಟ್ಟಿರುತ್ತಿರಲಿಲ್ಲ. ತಡವಾಗಿರುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಆಂಟೆನಾಗಳು ತಿರುಗಿದವು. ಎಲ್ಲವೂ ಒಟ್ಟಿಗೆ, ಸದ್ದಿಲ್ಲದೆ, ಯಾರೋ ಹೆಸರು ಹಿಡಿದು ಕರೆದಂತೆ. ಬೇರೆ ಕಡೆ ಸ್ವಲ್ಪ ಹೊತ್ತು ನೋಡಿ ಮತ್ತೆ ಮೊದಲಿನ ಜಾಗಕ್ಕೆ ಬಂದವು. ಮತ್ತೆ ಹೋದವು, ಮತ್ತೆ ಬಂದವು. ನೀಲಾ ಇದನ್ನು ಮೊದಲೇ ಹೇಳಿದ್ದಳು. ಚೆನ್ನಾಗಿ ಗೊತ್ತಿರುವ, ಪ್ರಕಾಶವಾದ ಒಂದು ಆಕಾಶಕಾಯವನ್ನು ನಡುನಡುವೆ ನೋಡಿ ತಮ್ಮನ್ನು ತಾವು ಸರಿಪಡಿಸಿಕೊಂಡು, ಬಳಿಕ ಮಸುಕಾದ ಅಪರಿಚಿತದ ಕಡೆ ತಿರುಗುತ್ತವೆ. ಹೊಸಬನೊಬ್ಬ ಸುದ್ದಿ ತಂದಾಗ ನಾವೂ ಹಳೆಯ ನಂಬಿಕಸ್ತನಿಗೆ ಫೋನು ಮಾಡಿ ಕೇಳುತ್ತೇವೆ.

ಎರ್ನಾನ್‌ನ ವಾಕಿಟಾಕಿ ಕೊರಕೊರ ಎಂದಿತು. ಅವನು ಕಿವಿಗಿಟ್ಟು ಕೇಳಿದ. ಆಮೇಲೆ ನನ್ನ ತೋಳು ಹಿಡಿದು, ಬಯಲಿನ ತುಂಬ ಹರಡಿದ್ದ ಮುಖಗಳನ್ನೆಲ್ಲ ಒಂದೇ ಕೈಬೀಸಿನಲ್ಲಿ ತೋರಿಸಿ ಹೇಳಿದ:

"ಸೊಬ್ರೀನಾ."

ನೀಲಾಳ ಸರದಿ ನಡೆಯುತ್ತಿತ್ತು. ನಾನು ಎರಡೂ ಕೈ ಜೋಡಿಸಿದೆ. ಅವನೂ ಜೋಡಿಸಿದ. ಹಾಗೆಯೇ ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಬುಡ್ಡಿಯ ಮುಳ್ಳು ಕೆಂಪು ಗೆರೆಗೆ ಬಂದದ್ದನ್ನು ನೋಡಿ ಅವನು ನನ್ನನ್ನು ಕಾರಿಗೆ ಹತ್ತಿಸಿದ.

ಕೆಳಗೆ ಬಂದಾಗ ನೀಲಾ ಕೇಳಿದಳು: "ಏನು ಕಂಡಿ ಮಾಮಾ?"

"ಏನೂ ಕಾಣಲಿಲ್ಲ."

"ನನಗೂ," ಎಂದಳು. ದತ್ತಾಂಶವನ್ನು ಶುದ್ಧ ಮಾಡಿ ಕೊಡಲು ವಾರಗಳು ಬೇಕಿದ್ದವು. ಅವಳು ನನ್ನ ಚೀಲದಿಂದ ಒಂದು ರೊಟ್ಟಿ ತೆಗೆದು, ಹಿಂಡಿಯೂ ಇಲ್ಲದೆ, ಬರಿದೇ ಕಡಿಯುತ್ತ ಕುಳಿತಳು.

ಭಂಕೂರ

ನಾನು ಊರಿಗೆ ಮರಳಿದ ಮೇಲೆ, ಜೂನ್ ತಿಂಗಳ ಒಂದು ಭಾನುವಾರ, ಅವಳ ಕರೆ ಬಂತು. ಮಿಷನ್ ರಜೆ ಇತ್ತು. ಭಾವ, ಅಕ್ಕ, ನಾನು ಪಾಲಿಶ್ ಆದ ಕಲ್ಲುಗಳ ಅಟ್ಟಿಯ ಮೇಲೆ ಕುಳಿತಿದ್ದೆವು. ಭಾವ ಸ್ಪೀಕರ್ ಹಾಕಿದರು.

"ಒಂದು ರೇಖೆ ಸಿಕ್ಕಾದ ಅಪ್ಪಾ."

ದಾರಿಯಲ್ಲಿ ಅವಳು ನನಗೆ ಹೇಳಿದ್ದ ಆ ದನಿ ಪರದೆಯ ಮೇಲೆ ರೇಖೆಯಾಗಿ ಕಾಣುತ್ತದೆ. ಅಕ್ಕ ಅಳತೊಡಗಿದಳು. ಭಾವ ಎದ್ದು ನಿಂತರು. "ಹಂಗಾದ್ರ ಬಣ್ಣ ತೆಗೀಲೇನು?"

"ತೆಗೀಬ್ಯಾಡ. ಸಿಗಬೇಕಾದ ಜಾಗಾದಾಗ ಸಿಕ್ಕಿಲ್ಲ. ಜರಾ ಸರದಾದ. ಆಕ್ಸಿಜನ್ ಇದ್ರ ಗ್ಯಾಲಕ್ಸಿ ನಾ ಅಂದಕೊಂಡಿದ್ದಕ್ಕಿಂತ ಈ ಕಡಿಗಿ ಬರ್ತದ. ಇನ್ನೊಂದು ಮಾತೂ ಅದ. ಒಂದೇ ರೇಖೆ ಅದ. ಧೂಳಿನ ಹತ್ತಿರದ ಗ್ಯಾಲಕ್ಸಿನೂ ಬೇರೆ ಯಾವುದೋ ಅನಿಲದಿಂದ ಅದೇ ಜಾಗಾದಾಗ ಒಂದು ರೇಖೆ ತೋರಸಬಹುದು."

"ಮತ್ತ?"

"ಎರಡನೇದು ಬೇಕು."

ಭಾವ ನನ್ನ ಮುಖ ನೋಡಿದರು. "ಒಬ್ಬನ ಮಾತಿನ ಮ್ಯಾಲ ನಾವೂ ಸುದ್ದಿ ಹಾಕಂಗಿಲ್ರಿ," ಎಂದೆ.

"ನೀವಿಬ್ರೂ ಒಂದೇ ಜಾತಿ," ಎಂದರು. ಆದರೆ ಏಣಿಯನ್ನು ಮುಟ್ಟಲಿಲ್ಲ. ಮಳೆಗಾಲದಲ್ಲಿ ಬಿಳಿ ಬಣ್ಣ ತೊಳೆದು ‘ಮೊದಲ’ ಮತ್ತೆ ಇಣುಕಿದಾಗ ಅವರೇ ಹೋಗಿ ಮತ್ತೊಂದು ಕೈ ಬಳಿದು ಬಂದರು. ಬಸ್ಸಿಗೆ ಕಾಯುವವರು, "ಬಸಣ್ಣ, ಮಗಳ ಹೆಸರಿನ ಮ್ಯಾಲ ಯಾಕ ಸುಣ್ಣ ಹಚ್ಚಲಿಕತ್ತಿರಿ?" ಎಂದು ಕಾಡಿದರೆ, "ಹೆಸರಿನ ಮ್ಯಾಲ ಅಲ್ಲೋ, ನನ್ನ ಬಾಯಿ ಮ್ಯಾಲ ಹಚ್ಚಲಿಕತ್ತೀನಿ," ಎನ್ನುತ್ತಿದ್ದರಂತೆ.

ಎರಡನೆಯ ರೇಖೆ ಈ ವರ್ಷ ಜನವರಿಯಲ್ಲಿ ಸಿಕ್ಕಿತು. ಅದು ಕಾರ್ಬನ್ನಿನದು. ಎರಡೂ ರೇಖೆಗಳು ಒಂದೇ ದೂರವನ್ನು ಹೇಳಿದವು. ಕೆಂಪು ದೂರದ್ದೇ, ಧೂಳಿನದಲ್ಲ. ಆದರೆ ಅದಕ್ಕಿಂತ ದೂರದ ಗ್ಯಾಲಕ್ಸಿಗಳನ್ನು ಬೇರೆಯವರು ಈಗಾಗಲೇ ಕಂಡಿದ್ದಾರೆ, ನೀಲಾಳದ್ದು ಮೊದಲನೆಯದಲ್ಲ. ಅದರಲ್ಲಿರುವ ಆಕ್ಸಿಜನ್ನಿನ ಪ್ರಮಾಣ ನೋಡಿದರೆ, ನಮಗೆ ಕಾಣುವ ಆ ಬೆಳಕು ಹೊರಡುವುದಕ್ಕೆ ಬಹಳ ಮುಂಚೆಯೇ ಅಲ್ಲಿ ನಕ್ಷತ್ರಗಳು ಹುಟ್ಟಿ ಸತ್ತಿವೆ ಎಂದು ಅವಳು ಬರೆದಿದ್ದಾಳೆ. ಪ್ರಬಂಧ ಪರಿಶೀಲನೆಯಲ್ಲಿದೆ.

ಫ್ಲೆಕ್ಸ್ ಇನ್ನೂ ಇದೆ. ಏನು ಬರೆಯಬಹುದು ಎಂದು ಭಾವ ಮಗಳನ್ನು ಫೋನಿನಲ್ಲಿ ಕೇಳಿದರು. ಕಳೆದ ವಾರ ಏಣಿ ಹಾಕಿ, ಕಲ್ಲಿನ ಮೇಲೆ ನಂಬರು ಹಾಕುವ ಕೆಂಪು ಬಣ್ಣದಲ್ಲಿ, ಬಿಳಿ ಚೌಕದೊಳಗೆ ಅವಳು ಹೇಳಿದ್ದನ್ನು ತಾವೇ ಬರೆದರು: ‘ಭಾಳ ಹಳೇ’.